ಮುಚ್ಚಿದ ಯಂತ್ರವೂ ತೆರೆದ ತಂತ್ರಾಂಶವೂ

ಗಣಕಯಂತ್ರವನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಅದನ್ನು ಮೊದಲು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುತ್ತಾರೆ. ಇದೇ ಮೂಲಪಾಠ, ಅಂದರೆ ಸೋರ್ಸ್ ಕೋಡ್. ಬಳಿಕ ಅದನ್ನು ಯಂತ್ರಕ್ಕೆ ತಿಳಿಯುವ ಅಂಕೆಗಳಾಗಿ ಮಾರ್ಪಡಿಸುತ್ತಾರೆ. ಮೂಲಪಾಠವು ಕೈಯಲ್ಲಿದ್ದರೆ ದೋಷವನ್ನು ತಿದ್ದಬಹುದು. ಯಂತ್ರರೂಪ ಮಾತ್ರ ದೊರೆತರೆ ಬಳಸಬಹುದೇ ಹೊರತು ತಿದ್ದುವುದು ಬಹು ಕಷ್ಟ.

1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪೆನಿಯು ಲೇಸರ್ ಮುದ್ರಣಯಂತ್ರವೊಂದನ್ನು ಕೊಟ್ಟಿತು. ಯಂತ್ರವೇನೋ ವೇಗದ್ದು, ಆದರೆ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ತಮ್ಮ ಪುಟಗಳು ಸಿದ್ಧವಾಗಿರಬಹುದೆಂದು ಹೋದವರು ಯಂತ್ರ ನಿಂತಿರುವುದನ್ನು ಕಂಡು ಬೇಸರಪಡುತ್ತಿದ್ದರು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬವರು ಹಳೆಯ ಯಂತ್ರದ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುವವರಿಗೆ ಸೂಚನೆ ಹೋಗುವಂತೆ ಮಾಡಿದ್ದರು. ಹೊಸದನ್ನೂ ಹಾಗೆ ತಿದ್ದೋಣವೆಂದರೆ ಮೂಲಪಾಠವನ್ನೇ ಕೊಟ್ಟಿರಲಿಲ್ಲ. ಅದನ್ನು ಹೊಂದಿದ್ದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರನ್ನು ಕೇಳಿದಾಗ, ಯಾರಿಗೂ ಕೊಡೆನೆಂದು ತಾವು ಒಪ್ಪಿಕೊಂಡಿರುವುದಾಗಿ ಹೇಳಿ ನಿರಾಕರಿಸಿದರು. ತಿದ್ದುವ ವಿದ್ಯೆಯಿತ್ತು, ತಿದ್ದುವ ಅವಕಾಶವಿರಲಿಲ್ಲ.

ಹಣವನ್ನೂ ಶ್ರಮವನ್ನೂ ವ್ಯಯಿಸಿ ಬರೆಸಿದ್ದನ್ನು ಇತರರು ನಕಲು ಮಾಡಬಾರದೆಂಬುದು ಕಂಪೆನಿಗಳ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ತೋಟಕ್ಕೆ ಪಂಪು ಮಾರಿದವನು ಅದರ ಮುಚ್ಚಳ ಬಿಚ್ಚಕೂಡದೆಂದು ಕರಾರು ಹಾಕಿ, ತಾನೂ ದುರಸ್ತಿಗೆ ಬಾರದಿದ್ದರೆ ಅಡಿಕೆ ಸಸಿಗಳ ಗತಿಯೇನು?

ಸ್ಟಾಲ್‌ಮನ್‌ರು ಬೇಸರದಲ್ಲೇ ಉಳಿಯಲಿಲ್ಲ. ಎಲ್ಲರೂ ಓದಿ, ತಿದ್ದಿ, ಹಂಚಬಹುದಾದ ‘ಗ್ನೂ’ ಎಂಬ ಗಣಕವ್ಯವಸ್ಥೆಯನ್ನು ರಚಿಸುವುದಾಗಿ 1983ರಲ್ಲಿ ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಎಂಬ ತಿರುಳನ್ನು ಬರೆದರು. ಇವೆರಡೂ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆಯು ಸಿದ್ಧಪಡಿಸಿಕೊಡುವ ವ್ಯವಸ್ಥೆಯೂ ಇದೇ ವರ್ಗಕ್ಕೆ ಸೇರಿದ್ದು.

ಗಡಿನಾಡಿನ ಕನ್ನಡಿಗರಾದ ನಾವು ಇದರಲ್ಲಿ ಮನಗಾಣಬೇಕಾದ ಸಂಗತಿಯೊಂದಿದೆ. ಗಿರಾಕಿಗಳು ಕಡಿಮೆಯೆಂದು ತಯಾರಕನು ಒಂದು ಭಾಷೆಯನ್ನು ಬಿಟ್ಟುಬಿಡಬಹುದು. ಮೂಲಪಾಠ ತೆರೆದಿದ್ದರೆ ಆ ಭಾಷೆಯವರೇ ಅದನ್ನು ಸೇರಿಸಿಕೊಳ್ಳಬಹುದು. ಲಿಬ್ರೆಆಫೀಸ್, ಗ್ನೋಮ್ ಮುಂತಾದ ತಂತ್ರಾಂಶಗಳಿಗೆ ಕನ್ನಡದ ರೂಪ ಬಂದಿರುವುದು ಈ ದಾರಿಯಿಂದಲೇ.

ವಿದ್ಯಾರ್ಥಿಗಳೇ, ಪ್ರಯೋಗಾಲಯದಲ್ಲಿ ಪರದೆಯ ಮೇಲೆ ತಪ್ಪು ಕನ್ನಡ ಪದ ಕಂಡರೆ ನಕ್ಕು ಸುಮ್ಮನಾಗಬೇಡಿ. ಸರಿಯಾದ ಪದವನ್ನು ಬರೆದು ಶಿಕ್ಷಕರಿಗೆ ಕೊಡಿ. ಆ ತಂತ್ರಾಂಶವನ್ನು ತಿದ್ದುವ ಹಕ್ಕು ನಿಮಗೂ ಇದೆ.