ದರಿಯಾ ದೌಲತ್ ಬಾಗ್: ಭಿತ್ತಿಚಿತ್ರಗಳ ಪಾಠನಿರ್ಣಯದ ಪ್ರಶ್ನೆ

ಶ್ರೀರಂಗಪಟ್ಟಣದ ಕೋಟೆಯಿಂದ ಹೊರಗೆ, ಪೂರ್ವ ದಿಕ್ಕಿನಲ್ಲಿರುವ ದರಿಯಾ ದೌಲತ್ ಬಾಗ್ ಟಿಪ್ಪು ಸುಲ್ತಾನನ ಬೇಸಗೆಯ ಅರಮನೆ. ಇದರ ನಿರ್ಮಾಣಕಾಲ 1784. ಪಾರಸಿಯಲ್ಲಿ ‘ದರಿಯಾ’ ಎಂದರೆ ಕಡಲು. ದೊಡ್ಡ ಹೊಳೆಗೂ ಆ ಮಾತು ಸಲ್ಲುತ್ತದೆ. ‘ದೌಲತ್’ ಸಂಪತ್ತು, ‘ಬಾಗ್’ ತೋಟ. ಅರಮನೆ ಎಂಬರ್ಥದ ಪದವೇ ಈ ಹೆಸರಿನಲ್ಲಿಲ್ಲ. ತೋಟವೇ ಪ್ರಧಾನ, ಕಟ್ಟಡ ಅದರ ಅಂಗ ಎಂಬ ಗ್ರಹಿಕೆಯನ್ನು ಹೆಸರೇ ಸೂಚಿಸುತ್ತದೆ.

ಇಂದಿಗೂ ಇಲ್ಲಿಗೆ ಬರುವವರು ಮೊದಲು ಪ್ರವೇಶಿಸುವುದು ತೋಟವನ್ನೇ. ಹುಲ್ಲುಹಾಸಿನ ನಡುವೆ ಸಾಗುವ ನೇರವಾದ ಹಾದಿ ಅರಮನೆಯ ಜಗತಿಯನ್ನು ಮುಟ್ಟುತ್ತದೆ. ಬಣ್ಣಗಳಿಗೆ ಬಿಸಿಲು ತಾಕದಂತೆ ಸುತ್ತಲೂ ಪರದೆಗಳನ್ನು ಇಳಿಬಿಟ್ಟಿರುವುದರಿಂದ ದೂರದಿಂದ ಗೋಡೆಗಳು ಕಾಣುವುದಿಲ್ಲ. ಪರದೆಯನ್ನು ದಾಟಿ ತೇಗದ ಕಂಬಗಳ ಮೊಗಸಾಲೆಗೆ ಬಂದಾಗ ಮಾತ್ರ ಗೋಡೆ ತುಂಬ ಹರಡಿರುವ ಯುದ್ಧ ಎದುರಾಗುತ್ತದೆ. ಹೊರಗೆ ತೋಟದ ಮೌನ, ಒಳಗೆ ರಣರಂಗದ ಗದ್ದಲ. ಈ ವೈದೃಶ್ಯ ನೋಡುಗರ ಮೇಲೆ ಬೀರುವ ಪರಿಣಾಮ ಗಾಢವಾದುದು. ಆ ಪರಿಣಾಮದಲ್ಲಿಯೇ ಒಂದು ಪ್ರಶ್ನೆ ಮರೆಯಾಗುತ್ತದೆ: ಈಗ ಕಣ್ಣಿಗೆ ಬೀಳುವ ಚಿತ್ರ ಯಾವ ಕಾಲದ ಪಾಠ?

1. ಬಾಹ್ಯ ಪ್ರಮಾಣ

ಪಶ್ಚಿಮದ ಗೋಡೆಯ ಮುಖ್ಯ ವಸ್ತು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪ ನಡೆದ ಪೊಲ್ಲಿಲೂರು ಯುದ್ಧ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಅಲ್ಲಿ ಸಂಪೂರ್ಣವಾಗಿ ಸೋಲಿಸಿತು. ಚೌಕಾಕಾರವಾಗಿ ನಿಂತ ಕಂಪನಿಯ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ ಇಲ್ಲಿ ಚಿತ್ರಿತರಾಗಿದ್ದಾರೆ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಈ ಚಿತ್ರದ ಚರಿತ್ರೆಯನ್ನು ಸಂಗ್ರಹವಾಗಿ ನೀಡಿದೆ. ಅದರಂತೆ ಮುತ್ತಿಗೆಗೆ ಮುಂಚೆಯೇ ಚಿತ್ರವನ್ನು ಅಳಿಸಲಾಗಿತ್ತು. 1799ರ ನಂತರ ಇಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಯಿಸಿದ. ಮುಂದೆ ಅದು ಪುನಃ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲವನ್ನು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಕಾರನೊಬ್ಬ ಮರಳಿ ಬರೆದ. ಡಾಲ್‌ಹೌಸಿಯ ಅಧಿಕಾರಾವಧಿ 1848ರಿಂದ 1856. ಆದುದರಿಂದ ಇಂದಿನ ಪಾಠಕ್ಕೂ ಮೂಲಕ್ಕೂ ನಡುವೆ ಸುಮಾರು ಏಳು ದಶಕಗಳ ಅಂತರವಿದೆ. ಅದನ್ನು ದಾಟಿಸಿದುದು ಹೆಸರು ತಿಳಿಯದ ಒಬ್ಬ ಕಲಾವಿದನ ಸ್ಮೃತಿ. ತಾಳೆಗರಿಯ ಲಿಪಿಕಾರನ ಎದುರಿಗೆ ಮಾತೃಕೆಯಾದರೂ ಇರುತ್ತಿತ್ತು. ಈ ಚಿತ್ರಕಾರನ ಸ್ಥಿತಿ ಕಂಠಸ್ಥ ಪಠ್ಯವನ್ನು ಬರೆದಿಟ್ಟವನಿಗೆ ಹೆಚ್ಚು ಹತ್ತಿರವಾದುದು.

2. ಆಂತರಿಕ ಪ್ರಮಾಣ

ಪೂರ್ವದ ಗೋಡೆಯಲ್ಲಿ ಅನೇಕ ಅರಸರ ಮತ್ತು ಪಾಳೆಯಗಾರರ ಒಡ್ಡೋಲಗಗಳಿವೆ. ಇವರಲ್ಲಿ ಚಿತ್ರದುರ್ಗದ ಮದಕರಿನಾಯಕ, ಮಾಗಡಿಯ ಕೆಂಪೇಗೌಡ, ತಂಜಾವೂರಿನ ಅರಸ ಮೊದಲಾದವರನ್ನು ಗುರುತಿಸಲಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರೂ ಈ ಪಟ್ಟಿಯಲ್ಲಿದೆ. ಮುಮ್ಮಡಿಯವರು ಜನಿಸಿದುದು 1794ರಲ್ಲಿ, ಪಟ್ಟಕ್ಕೆ ಬಂದುದು 1799ರಲ್ಲಿ. 1784ರ ಗೋಡೆಯಲ್ಲಿ ಅವರು ಇರುವುದು ಅಸಾಧ್ಯ. ಹಾಗಾದರೆ ಎರಡರಲ್ಲಿ ಒಂದನ್ನು ಒಪ್ಪಬೇಕಾಗುತ್ತದೆ: ಈ ಗುರುತಿಸುವಿಕೆ ತಪ್ಪು, ಇಲ್ಲವೇ ಆ ಭಾಗ ನಂತರದ ಪ್ರಕ್ಷೇಪ. ಯಾವುದನ್ನು ಒಪ್ಪಿದರೂ, ಇಡೀ ಗೋಡೆಯನ್ನು ಟಿಪ್ಪುವಿನ ಕಾಲದ ನೇರ ಸಾಕ್ಷ್ಯವೆಂದು ಬಳಸುವ ರೂಢಿ ನಿಲ್ಲುವುದಿಲ್ಲ.

3. ಪಾಠ ಮತ್ತು ಅರ್ಥ

ಪಾಠ ಉಳಿದರೂ ಅರ್ಥ ಹಾಗೆಯೇ ಉಳಿಯಬೇಕೆಂದಿಲ್ಲ. ಟಿಪ್ಪುವಿನ ಅರಮನೆಯಲ್ಲಿ ಇದು ವಿಜಯದ ಚಿತ್ರ. ಸೋತವರ ಪಕ್ಷದ ಅಧಿಕಾರಿಗಳೇ ಅದನ್ನು ಎರಡು ಬಾರಿ ಬರೆಯಿಸಿದಾಗ, ಅಳಿದುಹೋದ ಶತ್ರುವಿನ ಹೆಮ್ಮೆಯ ಕುರುಹಾಗಿ ಅದು ಮಾರ್ಪಟ್ಟಿರಬಹುದು. ರೇಖೆಗಳು ಅವೇ ಆಗಿದ್ದರೂ ಬರೆಯಿಸಿದವರು ಬೇರೆ. ಟಿಪ್ಪುವಿನ ಪರವಾಗಿಯೂ ವಿರುದ್ಧವಾಗಿಯೂ ಈ ಚಿತ್ರಗಳನ್ನು ಆಧಾರವಾಗಿ ಉಲ್ಲೇಖಿಸುವವರು ಈ ಅಂಶವನ್ನು ಲಕ್ಷಿಸಬೇಕಾಗುತ್ತದೆ.

ಇದರಿಂದ ಚಿತ್ರಗಳ ಬೆಲೆ ಕುಗ್ಗುವುದಿಲ್ಲ. ಪಂಪನ ಕಾವ್ಯಗಳು ನಮಗೆ ದೊರೆತಿರುವುದೂ ಪ್ರತಿಗಳ ಮೂಲಕವೇ. ಪ್ರತಿಗಳನ್ನು ತೂಗಿ ನೋಡದೆ ಯಾವ ಪಾಠವನ್ನೂ ಕವಿಯದೆನ್ನದಿರುವ ಶಿಸ್ತನ್ನು ಕನ್ನಡ ಗ್ರಂಥಸಂಪಾದನೆ ಬೆಳೆಸಿಕೊಂಡಿದೆ. ಆ ಶಿಸ್ತು ಗೋಡೆಗೂ ಅನ್ವಯವಾಗಬೇಕು. ಹೋಲಿಕೆಗೆ ಸಾಮಗ್ರಿಯೂ ಇಲ್ಲದಿಲ್ಲ. ಪೊಲ್ಲಿಲೂರು ಯುದ್ಧದ ಇದೇ ಸಂಯೋಜನೆ ಕಾಗದದ ಮೇಲೆಯೂ ಉಳಿದಿದ್ದು, ಹತ್ತು ಹಾಳೆಗಳ ಅಂಥದೊಂದು ಚಿತ್ರ 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಅಂಥ ಪ್ರತಿಗಳೊಡನೆ ಗೋಡೆಯನ್ನು ಅಂಕಣ ಅಂಕಣವಾಗಿ ತಾಳೆ ನೋಡುವುದು ಮುಂದಿನ ಅಧ್ಯಯನದ ಮೊದಲ ಕೆಲಸ.

ಅಲ್ಲಿಯವರೆಗೆ ವಿದ್ಯಾರ್ಥಿಗಳನ್ನು ಇಲ್ಲಿಗೆ ಕರೆತರುವ ಅಧ್ಯಾಪಕರು 1784 ಎಂಬ ಇಸವಿಯನ್ನು ಕಟ್ಟಡಕ್ಕೆ ಹೇಳಿ, ಗೋಡೆಯ ಚಿತ್ರಗಳಿಗೆ 19ನೆಯ ಶತಮಾನವನ್ನೂ ಸೇರಿಸಿ ಹೇಳುವುದು ಉಚಿತ. ಒಂದೇ ಗೋಡೆಯಲ್ಲಿ ಹಲವು ಕಾಲಗಳಿವೆ ಎಂಬ ಅರಿವು ಮೂಡಿದರೆ, ಆ ಭೇಟಿಯೇ ಗ್ರಂಥಸಂಪಾದನೆಯ ಒಂದು ಪಾಠವಾಗುತ್ತದೆ.