‘ಆರಾಮ ಅದೀನಿ’ ಅಂದರೂ ವಿಚಾರಿಸಿ

ಬೆಳಗಾವಿ ಜಿಲ್ಲೆಯ ಮೇಲವಂಕಿ, ಮೂಡಲಗಿ, ಹುಕ್ಕೇರಿ ಕಡೆಯಿಂದ ಈಚೆಗೆ ವಿದೇಶಕ್ಕೆ ಬಂದು ನಮ್ಮ ಕನ್ನಡ ಕೂಟ ಸೇರಿದ ಕೆಲವು ಮನೆಗಳವರು ಊರಲ್ಲಿ ಒಂಟಿಯಾಗಿ ಉಳಿದ ಅವ್ವನನ್ನೋ ಅಪ್ಪನನ್ನೋ ತಿಂಗಳಿಗೆ ಹಣ ಕಟ್ಟುವ ವೃದ್ಧಾಶ್ರಮಕ್ಕೆ ಸೇರಿಸಿ ಬಂದಿರುತ್ತಾರೆ. ಅಲ್ಲಿ ಆರೈಕೆ ಸರಿಯಿಲ್ಲ ಎಂಬ ಗುಮಾನಿ ಬಂದರೆ ಇಲ್ಲಿ ಕೂತು ಮಾಡಬಹುದಾದದ್ದು ಬೇಕಾದಷ್ಟಿದೆ.

‘ಆರಾಮ ಅದೀಯೇನಬೇ ಯವ್ವಾ?’ ಎಂದರೆ ‘ಹೂಂನೋಪಾ, ನಂದೇನ್ ಚಿಂತಿ ಮಾಡಬ್ಯಾಡ’ ಎಂದೇ ಉತ್ತರ. ಮಕ್ಕಳಿಗೆ ತ್ರಾಸ ಆಗಬಾರದು, ಪಕ್ಕದಲ್ಲಿ ನಿಂತ ಆಯಾಗೆ ಸಿಟ್ಟು ಬರಬಾರದು. ಅದಕ್ಕೇ ಸಣ್ಣಸಣ್ಣದ್ದು ಕೇಳಿ: ಇವತ್ತು ಮೈ ತೊಳೆಸಿದವರು ಯಾರು, ರಾತ್ರಿ ಬಾತ್‌ರೂಮಿಗೆ ಹೋಗುವಾಗ ಕೈ ಹಿಡಿಯುವವರು ಯಾರು, ರೊಟ್ಟಿ ಅಗಿಯಲಾಗದಿದ್ದರೆ ಮೆತ್ತಗಿನದ್ದು ಏನು ಕೊಡುತ್ತಾರೆ. ವಿಡಿಯೋ ಕಾಲ್‌ನಲ್ಲಿ ಗುಳಿಗೆ ಪಟ್ಟಿ ತೋರಿಸಲು ಹೇಳಿ. ತಂದ ದಿನದಿಂದ ಲೆಕ್ಕ ಹಾಕಿದರೆ ಗುಳಿಗೆ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ.

ಹಾಸಿಗೆ ಹಿಡಿದವರಾದರೆ ಹತ್ತಿರದ ನೆಂಟರೊಬ್ಬರು ಮುಂಚೆ ಹೇಳದೆ ಹೋಗಿ ನೋಡಲೇಬೇಕು. ಹಿಮ್ಮಡಿ, ಸೊಂಟದ ಎರಡು ಬದಿ, ಬೆನ್ನಿನ ಕೆಳತುದಿ ಕೆಂಪಾಗಿ, ಒತ್ತಿ ಬಿಟ್ಟರೂ ಆ ಕೆಂಪು ಮಾಸದಿದ್ದರೆ ಅದು ಹಾಸಿಗೆ ಹುಣ್ಣಿನ ಆರಂಭ. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿಲ್ಲವೇ ಎಂದು ಅಲ್ಲೇ ಕೇಳಬೇಕು. ಫೋಟೋ, ತಾರೀಕು, ಆಗ ಪಾಳಿಯಲ್ಲಿದ್ದವರ ಹೆಸರು ಅಂದೇ ಬರೆದಿಡಲಿ. ‘ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎಂಬ ದೂರನ್ನು ಯಾರು ಬೇಕಾದರೂ ತಳ್ಳಿಹಾಕಬಹುದು. ತಾರೀಕು ಹಾಕಿದ ಫೋಟೋವನ್ನು ತಳ್ಳಿಹಾಕುವುದು ಸುಲಭವಲ್ಲ.

ಮೊದಲು ಆಶ್ರಮಕ್ಕೇ ಲಿಖಿತ ದೂರು ಕೊಟ್ಟು, ಉತ್ತರಕ್ಕೆ ಗಡುವು ಹಾಕಿ. ಹೊಡೆತ, ಕೂಡಿಹಾಕುವುದು ಕಂಡುಬಂದರೆ ಗಡುವಿನ ಮಾತೇ ಬೇಡ, ನೇರ 112. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತ. ಇವು ಭಾರತದೊಳಗಿನ ಚಿಕ್ಕ ಸಂಖ್ಯೆಗಳಾದ್ದರಿಂದ ಊರಿನವರ ಕೈಯಲ್ಲೇ ಕರೆ ಮಾಡಿಸಿ. ಲಿಖಿತ ದೂರಿನ ಪ್ರತಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಬೆಳಗಾವಿ ಜಿಲ್ಲಾ ಕಚೇರಿಗೂ ಹೋಗಲಿ. ಹಣ ಪಡೆದು, ಒಪ್ಪಿದ ಸೇವೆ ಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಪ್ರವೇಶದ ಕರಾರು, ರಸೀದಿಗಳನ್ನು ಜೋಪಾನವಾಗಿಡಿ.

ಹಲವರು 2007ರ ಹಿರಿಯ ನಾಗರಿಕರ ಕಾಯ್ದೆ ಹಿಡಿದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಓಡುತ್ತಾರೆ. ಅದು ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸಲು, ಬರೆದುಕೊಟ್ಟ ಆಸ್ತಿ ಮರಳಿಸಲು ಇರುವ ದಾರಿ. ಆಶ್ರಮದ ಮೇಲಿನ ದೂರಿಗೆ ಅಲ್ಲಿಂದ ಆರಂಭಿಸಿದರೆ ತಿಂಗಳುಗಳು ವ್ಯರ್ಥವಾಗುತ್ತವೆ.

ಇಷ್ಟೆಲ್ಲಕ್ಕೂ ಮುಂಚೆ ಅವ್ವನನ್ನೇ ಕೇಳಿ. ದೂರು ಕೊಟ್ಟ ರಾತ್ರಿಯೂ ಅವರು ಅಲ್ಲೇ ಮಲಗಬೇಕು. ಸಂಬಂಧ ಕೆಟ್ಟರೆ ಮರುದಿನವೇ ಕರೆದೊಯ್ಯಲು ಒಂದು ಮನೆ, ಒಂದು ವಾಹನ, ಜೊತೆಗಿರಲು ಒಬ್ಬರು ಗೊತ್ತಾದ ಮೇಲೆ ಕಾಗದ ಕಳಿಸಿ.