ಶಾಲೆ ಬದಲಾದರೆ ಆಟದ ಹಕ್ಕು ಏನಾಗುತ್ತದೆ?

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ‘ವರ್ಗ’ ಎಂಬ ಮಾತು ಹೊಸದಲ್ಲ. ರೈಲ್ವೆಯಲ್ಲಿರಲಿ, ಬ್ಯಾಂಕಿನಲ್ಲಿರಲಿ, ಕಾರಖಾನೆಯಲ್ಲಿರಲಿ, ಮೇಲಿನಿಂದ ಹುಕುಂ ಬಂತೆಂದರೆ ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ, ಸೊಲ್ಲಾಪುರದಿಂದ ಪುಣೆಗೆ ಗಂಟುಮೂಟೆ ಕಟ್ಟಲೇಬೇಕು. ಮಕ್ಕಳ ಶಾಲೆಯೂ ಅದರೊಡನೆ ಬದಲಾಗುತ್ತದೆ. ಆಗ ನಾವು ವಿಚಾರಿಸುವುದೇನು? ಪುಸ್ತಕಗಳು ಯಾವುವು, ಫೀ ಎಷ್ಟು, ಮರಾಠಿ ಕಲಿಯದೆ ನಡೆಯುವುದೋ ಇಲ್ಲವೋ, ಇಷ್ಟೆ. ಹುಡುಗ ಹಳೆಯ ಶಾಲೆಯ ಕಬಡ್ಡಿ ತಂಡದಲ್ಲಿದ್ದನೆಂಬುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಹುಡುಗನಿಗೆ ಮಾತ್ರ ಅದೇ ದೊಡ್ಡ ಲೆಕ್ಕ.

ಈ ಲೆಕ್ಕವನ್ನು ನಿಯಮ ಮಾಡಿ ಬರೆದು, ಕೋರ್ಟಿನ ಮೆಟ್ಟಿಲಿನವರೆಗೂ ಒಯ್ದ ದೇಶ ಅಮೆರಿಕ. ಅಲ್ಲಿಯ ಕಥೆ ನಮಗೇಕೆ ಎನ್ನಬಾರದು. ಕೆಲಸದ ಬೆನ್ನು ಹತ್ತಿ ಊರೂರು ತಿರುಗುವ ಕುಟುಂಬಗಳು ಅಲ್ಲಿಯೂ ಉಂಟು; ನಮ್ಮವರೇ ಎಷ್ಟೋ ಮಂದಿ ಈಗ ಅಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ.

ಅಲ್ಲಿ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ಸಣ್ಣ ಊರುಗಳಲ್ಲಿ ಶುಕ್ರವಾರ ರಾತ್ರಿ ಶಾಲೆಯ ಫುಟ್‌ಬಾಲ್ ಪಂದ್ಯವೆಂದರೆ ನಮ್ಮ ಕಡೆಯ ಜಾತ್ರೆಯಿದ್ದ ಹಾಗೆ. ಚೆನ್ನಾಗಿ ಆಡುವ ಹುಡುಗನಿಗೆ ಕಾಲೇಜಿನ ವಿದ್ಯಾರ್ಥಿವೇತನ ಆ ಮೈದಾನದಲ್ಲಿಯೇ ಸಿಕ್ಕುವುದುಂಟು. ಬಡ ತಂದೆಗೆ ಇದು ಸಣ್ಣ ಮಾತಲ್ಲ. ಪ್ರತಿ ರಾಜ್ಯದಲ್ಲಿಯೂ ಶಾಲೆಗಳ ಕ್ರೀಡಾಸಂಘವೊಂದಿದೆ. ಇವೆಲ್ಲಕ್ಕೂ ಮೇಲೆ ೧೯೨೦ರಿಂದ ರಾಷ್ಟ್ರಮಟ್ಟದ ಒಕ್ಕೂಟವೊಂದು ಉಂಟಾದರೂ, ಯಾರು ಆಡಬಹುದು, ಯಾರು ಆಡಕೂಡದು ಎಂಬುದನ್ನು ಗೊತ್ತುಮಾಡುವುದು ಆಯಾ ರಾಜ್ಯದ ಸಂಘವೇ. ಆದುದರಿಂದ ಒಂದು ರಾಜ್ಯದ ಕಟ್ಟಳೆ ಇನ್ನೊಂದರಲ್ಲಿ ನಡೆಯದು.

ಆದರೂ ಬಹುತೇಕ ಕಡೆ ಕೇಳುವ ಮೂಲ ಪ್ರಶ್ನೆ ಒಂದೇ: ಬದಲಾದದ್ದು ಮನೆಯೋ, ಶಾಲೆ ಮಾತ್ರವೋ? ತಂದೆತಾಯಿ ನಿಜವಾಗಿ ಸಂಸಾರಸಮೇತ ಹೊಸ ಊರಿಗೆ ಬಂದಿದ್ದರೆ ಹುಡುಗ ಬಂದ ಕೂಡಲೆ ಆಡಬಹುದು. ಮನೆ ಅಲ್ಲಿಯೇ ಇದ್ದು ಹುಡುಗ ಮಾತ್ರ ಬೇರೆ ಶಾಲೆಗೆ ಸೇರಿದ್ದರೆ ಸಂಶಯ ಹುಟ್ಟುತ್ತದೆ. ಅಂಥವನು ಎಷ್ಟೋ ರಾಜ್ಯಗಳಲ್ಲಿ ಶಾಲೆಯ ಮೊದಲ ತಂಡಕ್ಕೆ ಒಂದು ವರ್ಷ ಹೊರಗು. ಕಿರಿಯರ ತಂಡದಲ್ಲಿ ಆಡಬಹುದು, ಅಭ್ಯಾಸಕ್ಕೂ ಬರಬಹುದು; ಜನ ನೋಡುವ ಪಂದ್ಯಕ್ಕೆ ಇಳಿಯುವಂತಿಲ್ಲ.

ಒಂದು ವರ್ಷ ತಾನೆ ಎನ್ನುವವರು ಇನ್ನೊಂದು ಕಟ್ಟಳೆಯನ್ನೂ ಗಮನಿಸಬೇಕು. ಒಂಬತ್ತನೆಯ ತರಗತಿಗೆ ಕಾಲಿಟ್ಟಂದಿನಿಂದ ಎಡೆಬಿಡದೆ ಎಂಟು ಅರ್ಧವರ್ಷಗಳು ಮುಗಿದರೆ ಆಟದ ಹಕ್ಕೂ ಮುಗಿಯಿತು ಎಂದು ಬಹುತೇಕ ರಾಜ್ಯಗಳು ನಿಯಮ ಮಾಡಿವೆ. ಹೊರಗೆ ಕುಳಿತ ವರ್ಷವನ್ನು ಸಾಮಾನ್ಯವಾಗಿ ಯಾರೂ ಮರಳಿ ಕೊಡುವುದಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಶಾಲೆ ಬದಲಿಸಿ ವರ್ಷದ ನಿಷೇಧಕ್ಕೆ ಸಿಕ್ಕವನ ಪಾಲಿಗೆ ಹೈಸ್ಕೂಲಿನ ಆಟ ಅಲ್ಲಿಗೇ ತೀರಿತು.

ಮನೆ ನಿಜವಾಗಿ ಬದಲಾಯಿತೆಂದು ಗೊತ್ತಾಗುವುದು ಹೇಗೆ? ಟೆಕ್ಸಸ್ ರಾಜ್ಯದ ಸಂಘವು ಕೇಳುವ ಪ್ರಶ್ನೆಗಳು ಸ್ವಾರಸ್ಯವಾಗಿವೆ. ಆ ಊರಿನ ಶಾಲಾ ಸೀಮೆಯೊಳಗೆ ನಿಮಗೆ ಸ್ವಂತ ಮನೆಯೋ ಬಾಡಿಗೆ ಮನೆಯೋ ಇದೆಯೆ? ನಿಮ್ಮ ಪೀಠೋಪಕರಣ, ಸಾಮಾನು ಸರಂಜಾಮು ಆ ಮನೆಯಲ್ಲಿವೆಯೆ? ನಿಮ್ಮ ಟಪಾಲು ಅಲ್ಲಿಗೆ ಬರುತ್ತದೆಯೆ? ಮತದಾರರ ಪಟ್ಟಿಯಲ್ಲಿ ಹೆಸರು ಅಲ್ಲಿದೆಯೆ? ನಿತ್ಯವೂ ಅಲ್ಲಿಯೇ ವಾಸಿಸುತ್ತ, ಮುಂದೆಯೂ ಅಲ್ಲಿಯೇ ಇರುವ ಉದ್ದೇಶವಿದೆಯೆ? ಒಂದು ಚಾಪೆ, ಎರಡು ಪಾತ್ರೆ ತಂದಿಟ್ಟು, ಬಾಗಿಲಿಗೆ ಬೀಗ ಹಾಕಿ, ಹಳೆಯ ಮನೆಯಲ್ಲಿಯೇ ಮಲಗುವ ಜಾಣರಿಗಾಗಿ ಈ ಪ್ರಶ್ನೆಗಳು ಹುಟ್ಟಿವೆ. ಆದರೆ ತಂದೆ ಮೊದಲು ಬಂದು, ಕೋಣೆ ಹುಡುಕಿ, ಆರು ತಿಂಗಳ ಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ನಮ್ಮ ಪೈಕಿ ವಾಡಿಕೆ. ಅಂಥ ಸಂಸಾರ ಈ ಪ್ರಶ್ನೆಗಳಿಗೆ ತಟ್ಟನೆ ಉತ್ತರ ಕೊಡುವುದು ಕಷ್ಟ. ಕಳ್ಳನಿಗಾಗಿ ಕಟ್ಟಿದ ಬೇಲಿ ಮನೆಯವನ ಕಾಲಿಗೂ ತೊಡರುತ್ತದೆ.

ಟೆಕ್ಸಸ್ಸಿನಲ್ಲಿ ಇನ್ನೂ ಒಂದು ತೊಡಕುಂಟು. ಹಿಂದೆ ಬೇರೆ ಶಾಲೆಗೆ ಆಡಿದ್ದವನು ಹೊಸ ಶಾಲೆಯ ಪರವಾಗಿ ಆಡುವ ಮೊದಲು ಒಂದು ಫಾರಂ ತುಂಬಬೇಕು. ಈ ಹುಡುಗ ಆಟದ ಸಲುವಾಗಿ ಶಾಲೆ ಬದಲಿಸಿದನೆ ಎಂದು ಹಳೆಯ ಶಾಲೆಯನ್ನೂ ಅದರಲ್ಲಿ ಕೇಳುತ್ತಾರೆ. ವಿವಾದ ಬಂದರೆ ತೀರ್ಮಾನ ಮಾಡುವುದು ಜಿಲ್ಲಾ ಸಮಿತಿ. ಅದರ ಸದಸ್ಯರಾದರೋ ಆ ವಿಭಾಗದಲ್ಲಿ ಒಬ್ಬರ ಮೇಲೊಬ್ಬರು ಆಡುವ ಶಾಲೆಗಳ ಅಧಿಕಾರಿಗಳೇ. ಎದುರಾಳಿಯ ಒಳ್ಳೆಯ ಆಟಗಾರನನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಎದುರಾಳಿಯೇ ಹೇಳುವ ಈ ಏರ್ಪಾಡು ನಮಗಂತೂ ಸರಿಯೆಂದು ತೋರುವುದಿಲ್ಲ. ಮೇಲಿನ ಸಮಿತಿಗೆ ಅಪೀಲು ಹೋಗಬಹುದೆಂಬುದೊಂದೇ ಸಮಾಧಾನ.

ಆಟದ ಉದ್ದೇಶವೇ ಇಲ್ಲದಿದ್ದರೆ? ಇಂಡಿಯಾನ ರಾಜ್ಯದಲ್ಲಿ ೧೯೯೪ರಲ್ಲಿ ಈಜುಗಾರ ಹುಡುಗನೊಬ್ಬ ಖಾಸಗಿ ಶಾಲೆ ಬಿಟ್ಟು ಸರಕಾರಿ ಶಾಲೆಗೆ ಸೇರಿದ. ಕಾರಣ ಓದಿಗೆ ಸಂಬಂಧಿಸಿದ್ದು, ಈಜಿಗಲ್ಲ. ಆದರೆ ಮನೆ ಬದಲಾಗಿರಲಿಲ್ಲವಾದ್ದರಿಂದ ೩೬೫ ದಿನ ಕಿರಿಯರ ತಂಡದಲ್ಲಿಯೇ ಈಜತಕ್ಕದ್ದೆಂದು ಸಂಘ ಹೇಳಿತು. ವ್ಯಾಜ್ಯ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ೧೯೯೭ರಲ್ಲಿ ಸಂಘವೇ ಗೆದ್ದಿತು. ಒಬ್ಬೊಬ್ಬ ಹುಡುಗನ ಮನಸ್ಸನ್ನು ಬಗೆದು ನೋಡುವುದು ಸಂಘಕ್ಕೆ ಸಾಧ್ಯವಿಲ್ಲ ನಿಜ. ಆದರೂ ತಪ್ಪಿಲ್ಲದವನಿಗೆ ಇಡೀ ವರ್ಷದ ದಂಡ ಭಾರವಾಯಿತೆಂದೇ ನಮ್ಮ ಅಭಿಪ್ರಾಯ.

ಹಾಗೆಂದು ನಿಯಮವೇ ಬೇಡವೆನ್ನಲಾಗದು. ಅದು ತಡೆಯಹೊರಟದ್ದು ಆಟಗಾರರನ್ನು ಸೆಳೆಯುವ ವ್ಯಾಪಾರವನ್ನು. ಹಣವುಳ್ಳ ಶಾಲೆ ಸುತ್ತಲಿನ ಶಾಲೆಗಳಿಂದ ಒಳ್ಳೆಯ ಹುಡುಗರನ್ನು ಆರಿಸಿಕೊಳ್ಳುತ್ತ ಹೋದರೆ ಉಳಿದವರು ಯಾರೊಡನೆ ಆಡಬೇಕು? ಟೆನೆಸ್ಸೀ ರಾಜ್ಯದ ಬ್ರೆಂಟ್‌ವುಡ್ ಅಕಾಡೆಮಿಯ ಪ್ರಕರಣ ಇಂಥದು. ಅಲ್ಲಿಯ ಫುಟ್‌ಬಾಲ್ ತರಬೇತುದಾರರು, ಶಾಲೆಗೆ ಇನ್ನೂ ಬಂದಿರದ ಎಂಟನೆಯ ತರಗತಿಯ ಹುಡುಗರಿಗೆ ವಸಂತಕಾಲದ ಅಭ್ಯಾಸಕ್ಕೆ ಬನ್ನಿರೆಂದು ಪತ್ರ ಬರೆದರು. ರಾಜ್ಯದ ಸಂಘವು ೧೯೯೭ರಲ್ಲಿ ೩,೦೦೦ ಡಾಲರು ದಂಡ ಹಾಕಿ, ಶಾಲೆಯ ಫುಟ್‌ಬಾಲ್ ಹಾಗೂ ಹುಡುಗರ ಬಾಸ್ಕೆಟ್‌ಬಾಲ್ ತಂಡಗಳನ್ನು ಎರಡು ವರ್ಷ ಅಂತಿಮ ಸುತ್ತುಗಳಿಂದ ಹೊರಗಿಟ್ಟಿತು. ಶಾಲೆ ಬಿಡಲಿಲ್ಲ. ದೇಶದ ಸುಪ್ರೀಂ ಕೋರ್ಟು ಈ ಜಗಳವನ್ನು ೨೦೦೧ರಲ್ಲಿ ಒಮ್ಮೆ, ೨೦೦೭ರಲ್ಲಿ ಮತ್ತೊಮ್ಮೆ ಕೇಳಬೇಕಾಯಿತು. ಮೊದಲನೆಯ ಸಲ, ಇಂಥ ಸಂಘಗಳು ಸರಕಾರದಂತೆಯೇ ಸಂವಿಧಾನಕ್ಕೆ ಬದ್ಧವೆಂದಿತು. ಎರಡನೆಯ ಸಲ, ಹುಡುಗರನ್ನು ಸೆಳೆಯಬಾರದೆಂಬ ನಿಯಮವನ್ನು ಜಾರಿ ಮಾಡಿದ್ದು ತಪ್ಪಲ್ಲವೆಂದಿತು.

ಇದೇ ಅಳತೆಗೋಲನ್ನು ನಮ್ಮ ಮುಂಬಯಿಗೆ ತಂದು ನೋಡೋಣ. ಸಚಿನ್ ತೆಂಡುಲ್ಕರ್ ಮೊದಲು ಓದುತ್ತಿದ್ದದ್ದು ಬಾಂದ್ರಾದ ಶಾಲೆಯಲ್ಲಿ. ಗುರು ರಮಾಕಾಂತ ಆಚ್ರೇಕರರ ಸಲಹೆಯಂತೆ, ಕ್ರಿಕೆಟ್ಟಿಗಾಗಿಯೇ, ದಾದರಿನ ಶಾರದಾಶ್ರಮ ವಿದ್ಯಾಮಂದಿರಕ್ಕೆ ಸೇರಿದರು. ತಂದೆತಾಯಿ ಬಾಂದ್ರಾದಲ್ಲಿಯೇ ಉಳಿದರು. ಹುಡುಗ ಶಿವಾಜಿ ಪಾರ್ಕಿನ ಹತ್ತಿರ ಬಂಧುಗಳ ಮನೆಯಲ್ಲಿದ್ದು ಆಟ ಕಲಿತ. ೧೯೮೮ರ ಫೆಬ್ರವರಿಯಲ್ಲಿ ಹ್ಯಾರಿಸ್ ಶೀಲ್ಡ್ ಸೆಮಿಫೈನಲ್ಲಿನಲ್ಲಿ ಆತನೂ ವಿನೋದ ಕಾಂಬ್ಳಿಯೂ ಮುರಿಯದ ಜೊತೆಯಾಟದಲ್ಲಿ ೬೬೪ ಓಟ ಹೊಡೆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ: ಸಚಿನ್ ಔಟಾಗದೆ ೩೨೬, ಕಾಂಬ್ಳಿ ಔಟಾಗದೆ ೩೪೯. ಟೆಕ್ಸಸ್ಸಿನ ಪ್ರಶ್ನೆಗಳನ್ನು ಈ ಹುಡುಗನಿಗೆ ಹಾಕಿದರೆ ಏನಾದೀತು? ಮನೆ ಬದಲಾಗಿಲ್ಲ, ಸಂಸಾರ ಬಂದಿಲ್ಲ, ಉದ್ದೇಶವಂತೂ ಆಟವೇ. ಮೊದಲ ವರ್ಷ ಬೆಂಚಿನ ಮೇಲೆ ಕೂರಬೇಕಾಗುತ್ತಿತ್ತು. ಇಲ್ಲಿ ಗುರುಭಕ್ತಿಯ ಕಥೆಯಾಗಿ ಹೇಳುವುದನ್ನು ಅಲ್ಲಿ ನಿಯಮಭಂಗವೆಂದು ಬರೆದುಕೊಳ್ಳುತ್ತಿದ್ದರು.

ಅಮೆರಿಕದವರೂ ಈಚೆಗೆ ಸ್ವಲ್ಪ ಸಡಿಲಬಿಟ್ಟಿದ್ದಾರೆ. ಫ್ಲಾರಿಡ ರಾಜ್ಯ ೨೦೧೬ರ ಕಾನೂನಿನಿಂದ, ಶಾಲೆ ಬದಲಿಸಿದವರು ಕೂಡಲೆ ಆಡಬಹುದೆಂದು ಮಾಡಿತು. ಒಂದೇ ವರ್ಷದಲ್ಲಿ ಒಂದೇ ಆಟವನ್ನು ಎರಡು ಶಾಲೆಗಳ ಪರವಾಗಿ ಆಡಬಾರದೆಂಬ ಕಟ್ಟನ್ನು ಮಾತ್ರ, ಕೆಲವು ವಿನಾಯಿತಿಗಳೊಡನೆ, ಉಳಿಸಿಕೊಂಡಿತು. ಸೈನಿಕರ ಮಕ್ಕಳಿಗಾಗಿ ರಾಜ್ಯಗಳು ತಮ್ಮತಮ್ಮಲ್ಲಿ ೨೦೦೮ರಿಂದ ಒಪ್ಪಂದ ಮಾಡಿಕೊಂಡಿವೆ. ತಂದೆಗೆ ವರ್ಗವಾದರೆ ಮಗುವಿಗೆ ಆಟಪಾಟಗಳಲ್ಲಿ ಸೇರಲು ಅನುವು ಮಾಡಿಕೊಡಬೇಕು, ಹೆಸರು ಕೊಡುವ ದಿನ ದಾಟಿತೆಂದು ತಳ್ಳಬಾರದು ಎಂಬುದು ಅದರಲ್ಲೊಂದು ಮಾತು. ನಮ್ಮಲ್ಲಿ ವರ್ಗವಾಗುವ ಕೇಂದ್ರ ನೌಕರರ ಮಕ್ಕಳಿಗಾಗಿಯೇ ೧೯೬೩ರಲ್ಲಿ ಹುಟ್ಟಿದ ಕೇಂದ್ರೀಯ ವಿದ್ಯಾಲಯಗಳು ಈ ಕೆಲಸವನ್ನು ಬೇರೊಂದು ರೀತಿಯಲ್ಲಿ ಮಾಡುತ್ತಿವೆ. ಅವಕ್ಕೆ ತಮ್ಮವೇ ಕ್ರೀಡಾಕೂಟಗಳುಂಟು. ಧಾರವಾಡದ ವಿದ್ಯಾಲಯ ಬಿಟ್ಟು ಪುಣೆಯ ವಿದ್ಯಾಲಯಕ್ಕೆ ಬಂದ ಹುಡುಗಿ ಅದೇ ವ್ಯವಸ್ಥೆಯೊಳಗೇ ಇರುತ್ತಾಳೆ.

ಉಳಿದವರ ಮಕ್ಕಳ ಗತಿಯೇನು? ನಮ್ಮ ದೇಶದ ಶಾಲಾ ಕ್ರೀಡೆಗಳಲ್ಲಿ ಶಾಲೆ ಏಕೆ ಬದಲಿಸಿದೆ ಎಂಬುದಕ್ಕಿಂತ ನಿನ್ನ ವಯಸ್ಸೆಷ್ಟು ಎಂಬ ಪ್ರಶ್ನೆಯೇ ಜೋರು. ೧೯೫೪ರಲ್ಲಿ ಸ್ಥಾಪನೆಯಾದ ಸ್ಕೂಲ್ ಗೇಮ್ಸ್ ಫೆಡರೇಷನ್ನಿನ ಕೂಟಗಳು ೧೪, ೧೭, ೧೯ ವರ್ಷದೊಳಗಿನವರೆಂಬ ವಿಭಾಗಗಳಲ್ಲಿ ನಡೆಯುತ್ತವೆ. ಕ್ರಿಕೆಟ್ ಮಂಡಳಿಯಂತೂ ಚಿಕ್ಕ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ವಯಸ್ಸು ಅಳೆಯುತ್ತದೆ. ಆದಕಾರಣ ಊರು ಬಿಡುವಾಗ ಹಳೆಯ ಶಾಲೆಯ ಟಿ.ಸಿ.ಯಲ್ಲಿಯೂ (ಇಲ್ಲಿಯವರು ಲೀವಿಂಗ್ ಸರ್ಟಿಫಿಕೇಟು ಎನ್ನುತ್ತಾರೆ) ಜನನಪತ್ರದಲ್ಲಿಯೂ ಹುಟ್ಟಿದ ತಾರೀಖು ಒಂದೇ ಆಗಿದೆಯೇ ಎಂದು ನೋಡಿಕೊಳ್ಳಬೇಕು. ಹೆಸರಿನ ಕಾಗುಣಿತವನ್ನೂ ನೋಡಿರಿ. ಕನ್ನಡದ ಹೆಸರು ಮರಾಠಿಗೋ ತಮಿಳಿಗೋ ಹೋಗಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಬೇರೆಯೇ ಹುಡುಗನ ಹೆಸರಾಗಿರುತ್ತದೆ.

ಹುಡುಗನೋ ಹುಡುಗಿಯೋ ತಾಲೂಕು, ಜಿಲ್ಲೆಯ ಮಟ್ಟದಲ್ಲಿ ಆಡಿದ್ದರೆ ಆ ಪ್ರಮಾಣಪತ್ರಗಳನ್ನು ಗೋಡೆಗೆ ಹಾಕಿ ಬಿಟ್ಟು ಬರದೆ ಜೊತೆಯಲ್ಲಿ ತನ್ನಿ. ಹೊಸ ಶಾಲೆಯಲ್ಲಿ ಹೆಸರು ಹಚ್ಚುವ ದಿನವೇ ಹೆಡ್‌ಮಾಸ್ತರರನ್ನಲ್ಲದೆ ಡ್ರಿಲ್ ಮಾಸ್ತರರನ್ನೂ ಕಂಡು, ಈ ವರ್ಷ ಮಗು ಆಡಬಹುದೋ, ಯಾವ ವಿಭಾಗದಲ್ಲಿ, ಹೆಸರು ಕೊಡಲು ಕೊನೆಯ ದಿನ ಯಾವುದು ಎಂದು ಕೇಳಿರಿ. ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಆಟಗಾರರ ಪಟ್ಟಿ ಮೇಲಕ್ಕೆ ಹೋಗಿಬಿಡುವುದುಂಟು. ದೀಪಾವಳಿಯ ರಜೆ ಮುಗಿದ ಮೇಲೆ ಹೋಗಿ ಕೇಳಿದರೆ ಅದರಲ್ಲಿ ಹೆಸರು ಸೇರಿಸಲು ಮಾಸ್ತರರ ಕೈಯಲ್ಲೂ ಆಗುವುದಿಲ್ಲ.